ಆರು ಕೂಗು

"ಬೆಂತಾ?"

"ಇಲ್ಲ."

"ಈಗ?"

"ನೀನು ಆಗ ಕೇಳಿದ್ದಕ್ಕೂ ಈಗ ಕೇಳಿದ್ದಕ್ಕೂ ಮಧ್ಯೆ ನಾನು ಒಂದ್ಸಲ ಸೀನಿಯೂ ಇಲ್ಲ ಕಣೇ. ಅಷ್ಟರಲ್ಲಿ ಹೇಗೆ ಬೇಯುತ್ತೆ?"

ಅಮ್ಮ ಸೌಟಿನಲ್ಲಿ ಒಂದು ಕಾಳು ಎತ್ತಿ, ಉಫ್ ಉಫ್ ಎಂದು ಊದಿ, ಎರಡು ಬೆರಳ ನಡುವೆ ಅಮುಕಿದಳು. ಕಾಳು ಜಗ್ಗಲಿಲ್ಲ. ಅದನ್ನು ಪಾತ್ರೆಗೆ ಹಾಕಿ ಮತ್ತೆ ತಟ್ಟೆ ಮುಚ್ಚಿದಳು.

ಅಡುಗೆಮನೆಯ ಬಾಗಿಲಲ್ಲಿ ಸ್ಪ್ರಿಂಗ್ ತುದಿಗಾಲಲ್ಲಿ ನಿಂತಿದ್ದಳು. ಕುತ್ತಿಗೆಗೆ ಹಾರದ ಹಾಗೆ ಸ್ಕಿಪ್ಪಿಂಗ್ ಹಗ್ಗ. ಈ ಹುಡುಗಿ ಒಂದು ಕಡೆ ಸುಮ್ಮನೆ ನಿಂತದ್ದನ್ನು ಕಂಡವರೇ ಇಲ್ಲ. ಹಾಗಾಗಿ ಮನೆಯಲ್ಲೂ ಶಾಲೆಯಲ್ಲೂ ಅವಳು ಸ್ಪ್ರಿಂಗ್. ಅವಳ ಹಿಂದೆ, ಅವಳ ಫ್ರಾಕಿನ ಅಂಚು ಹಿಡಿದುಕೊಂಡು, ಐದು ವರ್ಷದ ತಮ್ಮ. ಅಕ್ಕ ಹೋದಲ್ಲೆಲ್ಲ ಅಂಟಿಕೊಂಡೇ ಹೋಗುವ ಅವನಿಗೆ ಬಾಲ ಎಂದು ಹೆಸರಿಟ್ಟವಳೂ ಅವಳೇ.

ಸ್ಪ್ರಿಂಗ್ ಕಿಟಕಿಯತ್ತ ನೋಡಿದಳು. ಆಕಾಶದಲ್ಲಿ ಇನ್ನು ಚೂರೇ ಚೂರು ಬೆಳಕು ಉಳಿದಿತ್ತು. ಕೆಳಗಿನ ಅಂಗಳದ ದೀಪ ಕೆಟ್ಟು ತಿಂಗಳುಗಳೇ ಆಗಿದ್ದವು. ಕತ್ತಲಾದರೆ ಅಲ್ಲಿ ಹಗ್ಗವೂ ಕಾಣದು, ಕಾಲೂ ಕಾಣದು.

"ಅಮ್ಮಾ, ಶನಿವಾರಕ್ಕೆ ಇನ್ನು ಐದೇ ದಿನ!"

"ಗೊತ್ತು ಚಿನ್ನ."

"ನಾವು ಇದುವರೆಗೂ ಬರೀ ಏಳು ಹಾರಿದ್ದೀವಿ. ಏಳು! ನಮ್ಮ ಕ್ಲಾಸಿನ ಬನ್ ಮತ್ತೆ ಅವಳಪ್ಪ ಹೋದ ವರ್ಷವೇ ನಲವತ್ತು ಹಾರಿದ್ರು."

ಶನಿವಾರ ಶಾಲೆಯಲ್ಲಿ ಜೋಡಿ ಸ್ಕಿಪ್ಪಿಂಗ್ ಸ್ಪರ್ಧೆ. ಮನೆಯಿಂದ ಒಬ್ಬ ದೊಡ್ಡವರು ಬರಬೇಕು. ಅವರು ಹಗ್ಗ ಬೀಸಬೇಕು, ಅದೇ ಹಗ್ಗದೊಳಗೆ ಎದುರಾಗಿ ನಿಂತು ಮಗುವೂ ಹಾರಬೇಕು. ಎರಡು ಚಾನ್ಸ್. ಯಾವುದು ಹೆಚ್ಚೋ ಅದೇ ಲೆಕ್ಕ. ಹೋದ ವರ್ಷ ಅಮ್ಮನಿಗೆ ಡ್ಯೂಟಿ ಇತ್ತು. ಅಪ್ಪ ಪ್ರೆಸ್ಸಿನಲ್ಲಿದ್ದ. ಕೊನೆಗೆ ಪಿ.ಟಿ. ಮಿಸ್ಸೇ "ಬಾರೇ, ನಾನಿದ್ದೀನಿ" ಎಂದು ಸ್ಪ್ರಿಂಗ್ ಜೊತೆ ಹಾರಿದ್ದರು. ಮಿಸ್ ತುಂಬಾ ಒಳ್ಳೆಯವರು, ನಿಜ. ಆದರೆ ಎಲ್ಲರೂ ಅವರವರ ಅಮ್ಮನ ಜೊತೆ, ಅಪ್ಪನ ಜೊತೆ ನಿಂತಿರುವಾಗ ಮಿಸ್ ಜೊತೆ ನಿಲ್ಲುವುದು ಹೇಗಿರುತ್ತದೆ ಎಂದು ನಿಂತವರಿಗೇ ಗೊತ್ತು. ಈ ವರ್ಷ ಅಮ್ಮ ಇನ್ನೊಬ್ಬ ಡ್ರೈವರ್‌ನ ಕೈಕಾಲು ಹಿಡಿದು ಶನಿವಾರದ ಬೆಳಗಿನ ಡ್ಯೂಟಿ ಬದಲಾಯಿಸಿಕೊಂಡಿದ್ದಳು.

ಹೌದು, ಅಮ್ಮ ಬಸ್ ಡ್ರೈವರ್. ಬೆಳಿಗ್ಗೆ ಎಂಟಕ್ಕೆ ಸ್ಟೀರಿಂಗ್ ಹಿಡಿದರೆ ಸಂಜೆ ಐದಕ್ಕೆ ಬಿಡುವುದು. ಐದೂವರೆಗೆ ಮನೆಗೆ ಬಂದು, ಮುಖ ತೊಳೆದು, ಸೀದಾ ಒಲೆಯ ಮುಂದೆ. ಮೊದಲು ಹಾರಿ ಆಮೇಲೆ ಅಡುಗೆ ಮಾಡೋಣ ಎಂದರೆ ಅದಕ್ಕೂ ಉಪಾಯವಿರಲಿಲ್ಲ. ಏಳು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳದಿದ್ದರೆ ಬಾಲ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಆಮೇಲೆ ಅವನ ಕಿವಿಯಲ್ಲಿ ಡೋಲು ಬಾರಿಸಿದರೂ ಏಳುತ್ತಿರಲಿಲ್ಲ.

ಅಷ್ಟರಲ್ಲಿ ಮೇಲಿನ ಮನೆಯಿಂದ ಕೀಂಯ್ಯ್ ಎಂದು ಕುಕ್ಕರ್ ಕೂಗಿತು.

"ನೋಡು! ಟೈಲರ್ ಆಂಟಿ ನಿನಗಿಂತ ಲೇಟಾಗಿ ಅಂಗಡಿ ಮುಚ್ಚಿ ಬಂದ್ರು. ಆಗಲೇ ಅವರ ಅಡುಗೆ ಆಯ್ತು!" ಎಂದಳು ಸ್ಪ್ರಿಂಗ್. ಆಮೇಲೆ ಮೆಲ್ಲಗೆ ಬೀರುವಿನ ತಲೆಯ ಮೇಲೆ ಕಣ್ಣು ಹಾಯಿಸಿದಳು. ಅಲ್ಲಿ ಕೆಂಪು ರಿಬ್ಬನ್ ಕಟ್ಟಿದ ಒಂದು ದೊಡ್ಡ ಡಬ್ಬ ಎಂಟು ತಿಂಗಳಿಂದ ಧೂಳು ತಿನ್ನುತ್ತಾ ಕೂತಿತ್ತು.

"ಬೇಡ," ಎಂದಳು ಅಮ್ಮ, ತಿರುಗಿಯೂ ನೋಡದೆ.

"ನಾನು ಏನೂ ಹೇಳೇ ಇಲ್ಲ!"

"ನಿನ್ನ ಕಣ್ಣು ಹೇಳ್ತು."

ಆ ಡಬ್ಬದೊಳಗೆ ಇದ್ದದ್ದು ಒಂದು ಹೊಚ್ಚ ಹೊಸ ಪ್ರೆಷರ್ ಕುಕ್ಕರ್. ಒಂದು ವರ್ಷ ಪೂರ್ತಿ ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದ್ದಕ್ಕೆ ಡಿಪೋದಲ್ಲಿ ಅಮ್ಮನಿಗೆ ಚಪ್ಪಾಳೆ ತಟ್ಟಿ ಕೊಟ್ಟ ಬಹುಮಾನ. ಅಮ್ಮ ಅದನ್ನು ಎರಡೂ ಕೈಯಲ್ಲಿ ಜೋಪಾನವಾಗಿ ತಂದು ಬೀರುವಿನ ಮೇಲೆ ಏರಿಸಿದ್ದಳು. ಅಷ್ಟೇ, ಮತ್ತೆ ಇಳಿಸಿರಲಿಲ್ಲ. ಇಕ್ಕಟ್ಟು ರಸ್ತೆಯಲ್ಲಿ ಅಷ್ಟು ದೊಡ್ಡ ಬಸ್ಸನ್ನು ಸರ್ರನೆ ರಿವರ್ಸ್ ತೆಗೆಯುವ ಅಮ್ಮನಿಗೆ ಕುಕ್ಕರ್ ಎಂದರೆ ಭಯ!

"ನಿನ್ನಷ್ಟಿದ್ದಾಗ ಕಣ್ಣಾರೆ ನೋಡಿದ್ದೀನಿ," ಎಂದಳು ಅಮ್ಮ. "ನಮ್ಮ ಚಿಕ್ಕಮ್ಮ ಆತುರಕ್ಕೆ ಬಿದ್ದು ಮುಚ್ಚಳ ಎಳೆದ್ರು. ಢಂ ಅಂತು. ಅನ್ನ ಎಲ್ಲಾ ಹೋಗಿ ಮೇಲೆ ಚಾವಣಿಗೆ ಅಂಟ್ಕೊಳ್ತು. ಮೂರು ದಿನ ಒಂದೊಂದೇ ಅಗುಳು ನಮ್ಮ ತಲೆ ಮೇಲೆ ಬೀಳ್ತಾ ಇತ್ತು."

ಬಾಲನ ಕಣ್ಣು ಅರಳಿತು. "ಬಾಯಿ ತೆಕ್ಕೊಂಡು ನಿಂತಿದ್ರೆ ಸೀದಾ ಬಾಯಿಗೇ ಬೀಳ್ತಿತ್ತಾ?"

"ಬಸ್ಸಿಗೆ ಬ್ರೇಕ್ ಇರುತ್ತೆ," ಎಂದಳು ಅಮ್ಮ ಸ್ಪ್ರಿಂಗ್ ಕಡೆಗೆ ಸೌಟು ತೋರಿಸುತ್ತಾ. "ಅದಕ್ಕೆಲ್ಲಿದೆ ಬ್ರೇಕು?"

ಆ ಸಂಜೆ ಕಾಳು ಬೆಂದಾಗ ಹೊರಗೆ ಕಗ್ಗತ್ತಲು. ಹಗ್ಗ ಮೊಳೆಗೆ ಹೋಯಿತು. ಸ್ಪ್ರಿಂಗ್ ಮುಖ ಊದಿಸಿಕೊಂಡೇ ಊಟ ಮಾಡಿದಳು. ಆದರೆ ಅವಳ ತಲೆಯೊಳಗೆ ಅಮ್ಮನ ಕೊನೆಯ ಮಾತು ಸುತ್ತುತ್ತಲೇ ಇತ್ತು. ಅದಕ್ಕೆಲ್ಲಿದೆ ಬ್ರೇಕು?

* * *

ಮಂಗಳವಾರ ಸಂಜೆ ಅಮ್ಮ ಬಾಗಿಲು ತೆಗೆದರೆ ಎದುರಿಗೇ ಮೇಜು. ಮೇಜಿನ ಮೇಲೆ ಕುಕ್ಕರ್. ಅದರ ಪಕ್ಕದಲ್ಲಿ ರಿಬ್ಬನ್ನನ್ನು ತಲೆಗೆ ಕಟ್ಟಿಕೊಂಡ ಬಾಲ. ಕುರ್ಚಿಯ ಮೇಲೆ ನಿಂತು, ಕೈಯಲ್ಲಿ ಪುಟಾಣಿ ಪುಸ್ತಕ ಹಿಡಿದ ಸ್ಪ್ರಿಂಗ್.

"ಅದನ್ನ ಯಾರು ಇಳಿಸಿದ್ದು?"

"ಅಪ್ಪ. ಮಧ್ಯಾಹ್ನ ಪ್ರೆಸ್ಸಿಗೆ ಹೋಗೋ ಮುಂಚೆ. ಅಮ್ಮಾ, ಮಾತಾಡ್ಬೇಡ, ಕೇಳು." ಸ್ಪ್ರಿಂಗ್ ಗಂಟಲು ಸರಿಮಾಡಿಕೊಂಡು ವಾರ್ತೆ ಓದುವವರ ಹಾಗೆ ಓದಿದಳು. "ಸೇಫ್ಟಿ ವಾಲ್ವ್. ಕುಕ್ಕರಿನ ಒಳಗೆ ಒತ್ತಡ ಮಿತಿ ಮೀರಿದರೆ ಇದು ತಾನಾಗಿಯೇ ತೆರೆದುಕೊಂಡು ಆವಿಯನ್ನು ಹೊರಗೆ ಬಿಡುತ್ತದೆ. ಕೇಳಿಸ್ತಾ? ಬ್ರೇಕು! ನಿನಗೆ ಬೇಕಾಗಿದ್ದ ಬ್ರೇಕು!"

ಅಮ್ಮ ಹತ್ತಿರ ಬಂದು ಮುಚ್ಚಳವನ್ನು ಬೆಳಕಿಗೆ ಹಿಡಿದಳು. ದಿನಾ ಬೆಳಿಗ್ಗೆ ಬಸ್ಸಿನ ಟಯರ್ ನೋಡುವಾಗಲೂ ಅವಳ ಮುಖ ಹೀಗೇ ಇರುತ್ತಿತ್ತು. "ಇದು ಬ್ರೇಕಲ್ಲ ಕಣೇ," ಎಂದಳು. "ಎಮರ್ಜೆನ್ಸಿ ಬಾಗಿಲು."

"ಮತ್ತೆ ಕೇಳು. ಆವಿ ಪೂರ್ತಿ ಇಳಿಯುವ ತನಕ ಮುಚ್ಚಳ ತೆಗೆಯಬಾರದು."

"ಅಂದ್ರೆ ಬಸ್ ಪೂರ್ತಿ ನಿಲ್ಲೋ ತನಕ ಬಾಗಿಲು ತೆಗೀಬಾರದು."

"ಅಷ್ಟೇ! ನಿನ್ನ ಚಿಕ್ಕಮ್ಮ ಬಸ್ ಓಡ್ತಾ ಇರುವಾಗಲೇ ಬಾಗಿಲು ತೆಗೆದಿದ್ರು!"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಭಯ ಅರ್ಧ ಇಳಿದ ಹಾಗೇ ಲೆಕ್ಕ. "ಸರಿ," ಎಂದು ತೋಳು ಮಡಚಿದಳು. "ಓದು. ಒಂದು ಸಾಲೂ ಬಿಡಬೇಡ."

ಆಮೇಲಿನ ಸಂಭ್ರಮ ಕೇಳಬೇಡಿ. ಸ್ಪ್ರಿಂಗ್ ಓದುತ್ತಿದ್ದಳು, ಅಮ್ಮ ಮಾಡುತ್ತಿದ್ದಳು, ಬಾಲ ಮಧ್ಯೆ ಕಾಲಿಗೆ ಸಿಗುತ್ತಿದ್ದ. ಅಕ್ಕಿ ಒಂದು ಡಬ್ಬಿಯಲ್ಲಿ, ಆಲೂಗಡ್ಡೆ, ಕ್ಯಾರೆಟ್ ಇನ್ನೊಂದರಲ್ಲಿ. ತಳದಲ್ಲಿ ನೀರು. ಮುಚ್ಚಳ ತಿರುಗಿಸಿ ಕೂರಿಸಿ ಒಲೆ ಹಚ್ಚಿದರು. ಐದು ನಿಮಿಷವಾಯಿತು. ಸಂದಿಯಿಂದ ಬುಸ್ ಬುಸ್ ಎಂದು ಆವಿ ಹೊರಬಂದದ್ದೇ ಬಂತು, ವೆಯ್ಟ್ ಮಾತ್ರ ಅಲುಗಾಡಲಿಲ್ಲ.

"ಇದಕ್ಕೆ ನೆಗಡಿ," ಎಂದ ಬಾಲ.

"ಎಲ್ಲೋ ಲೀಕ್ ಇದೆ," ಎಂದಳು ಅಮ್ಮ. ಒಲೆ ಆರಿಸಿ ಸುತ್ತ ನೋಡಿದಳು. "ಬಾಲಾ, ನಿನ್ನ ಕೈಯಲ್ಲಿ ಇರೋದೇನು?"

ಬಾಲ ಒಂದು ಕಪ್ಪು ರಬ್ಬರ್ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ತಿರುಗಿಸುತ್ತಿದ್ದ. "ಸ್ಟೀರಿಂಗು," ಎಂದ.

"ಗ್ಯಾಸ್ಕೆಟ್ಟು!" ಎಂದು ಸ್ಪ್ರಿಂಗ್ ಕಿರುಚಿದಳು. ಹತ್ತನೇ ಪುಟದಲ್ಲಿ ಅದರ ಚಿತ್ರವೇ ಇತ್ತು. ಅವಳು ಒಂಬತ್ತರಿಂದ ಹನ್ನೊಂದಕ್ಕೆ ಹಾರಿದ್ದಳು.

ಅಮ್ಮ ಮುಚ್ಚಳ ಪೂರ್ತಿ ತಣ್ಣಗಾಗುವ ತನಕ ಕಾದು, ಒಳಗೆ ಗ್ಯಾಸ್ಕೆಟ್ ಕೂರಿಸಿ, ಮತ್ತೆ ಒಲೆ ಹಚ್ಚಿದಳು. ಮೂವರೂ ಅಡುಗೆಮನೆಯ ಬಾಗಿಲಲ್ಲಿ ನಿಂತರು, ಅಮ್ಮನೂ ಸೇರಿ. ಮೊದಲು ವೆಯ್ಟ್ ಸಣ್ಣಗೆ ನಡುಗಿತು. ಸುಸ್ಸ್ ಎಂದಿತು. ಕುಣಿಯಿತು. ಆಮೇಲೆ ಒಮ್ಮೆಗೇ ಭೋಂಂಯ್ಯ್ ಎಂದು ಕೂಗಿಬಿಟ್ಟಿತು! ಬಾಲ ಮೇಜಿನ ಕೆಳಗೆ. ಸ್ಪ್ರಿಂಗ್ ಕುರ್ಚಿಯ ಮೇಲೆ. ಅಮ್ಮ ಸೌಟನ್ನು ಎದೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಳು.

"ಒಂದು!" ಎಂದು ಕೂಗಿದಳು ಸ್ಪ್ರಿಂಗ್.

ಮೂರನೇ ಕೂಗಿಗೆ ಬಾಲ ಮೇಜಿನ ಕೆಳಗಿಂದ ಹೊರಬಂದು ಕುಕ್ಕರಿಗೇ ತಿರುಗಿ ಕೂಗಿದ. ಅಷ್ಟೊತ್ತಿಗೆ ಅಮ್ಮನ ಭಯವೂ ಆವಿಯ ಜೊತೆಗೇ ಹೋಗಿತ್ತು. ವೆಯ್ಟ್ ಸಡಿಲವಾಗುವ ತನಕ ಕಾದು, ಮುಚ್ಚಳ ತೆಗೆದರೆ ಅನ್ನ ಹೂವಿನಂತೆ ಅರಳಿತ್ತು. ಆಲೂಗಡ್ಡೆ ಮುಟ್ಟಿದರೆ ಪುಡಿ. ಗ್ಯಾಸ್ಕೆಟ್ ಗಲಾಟೆಯನ್ನೂ ಸೇರಿಸಿ, ಗಡಿಯಾರ ಇನ್ನೂ ಆರೂಕಾಲು!

ಬಾಲನಿಗೆ ತಟ್ಟೆ ಕೊಟ್ಟು, ಅವನನ್ನೂ ತಟ್ಟೆಯನ್ನೂ ಒಟ್ಟಿಗೆ ಎತ್ತಿಕೊಂಡು ಮೂವರೂ ಅಂಗಳಕ್ಕೆ ಓಡಿದರು. ಬಾಲ ಮೆಟ್ಟಿಲ ಮೇಲೆ ಕೂತು ತಿನ್ನುತ್ತಾ ಎಣಿಸಿದ. ಹತ್ತರ ನಂತರ ಅವನಿಗೆ ಬರುತ್ತಿರಲಿಲ್ಲವಾದ್ದರಿಂದ ಹತ್ತು, ಮತ್ತೆ ಒಂದು, ಮತ್ತೆ ಎರಡು ಎಂದ. ಆ ಸಂಜೆ ಅವರು ಹನ್ನೆರಡು ಹಾರಿದರು. ಆಮೇಲೆ ಹದಿನಾಲ್ಕು.

"ನೀನು ಹಗ್ಗಕ್ಕಿಂತ ಮುಂಚೆ ಹಾರ್ತೀಯ ಕಣೇ," ಎಂದಳು ಅಮ್ಮ ಏದುಸಿರು ಬಿಡುತ್ತಾ. "ಹಗ್ಗ ಬರಲಿ, ಆಮೇಲೆ ಹಾರು."

"ಹಗ್ಗಾನೇ ಲೇಟು!" ಎಂದಳು ಸ್ಪ್ರಿಂಗ್. ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. ಹದಿನಾಲ್ಕು! ನಾಳೆ ಇಪ್ಪತ್ತೆಂಟು. ನಾಳಿದ್ದು ಐವತ್ತಾರು. ಬನ್ನೂ ಅವಳಪ್ಪನೂ ಮೂಗಿನ ಮೇಲೆ ಬೆರಳಿಟ್ಟುಕೊಳ್ಳಬೇಕು.

* * *

ಬುಧವಾರ ಕಾಳಿನ ಸೂಪು. ಕಾಳನ್ನು ಬೆಳಿಗ್ಗೆಯೇ ಸ್ಪ್ರಿಂಗ್ ನೀರಿಗೆ ಹಾಕಿಟ್ಟಿದ್ದಳು. ಪುಸ್ತಕದ ಪ್ರಕಾರ ನೆನೆಸಿದ ಕಾಳಿಗೆ ಆರು ಕೂಗು.

"ನಾನು ಅಷ್ಟರಲ್ಲಿ ನಾಳೆಯ ಯೂನಿಫಾರ್ಮ್ ಒಗೆದು ಹಾಕ್ತೀನಿ," ಎಂದಳು ಅಮ್ಮ. "ನೀನು ಇಲ್ಲೇ ನಿಂತು ಎಣಿಸು. ಒಲೆ ಮುಟ್ಟಬೇಡ. ಆರು ಆದ ತಕ್ಷಣ ನನ್ನನ್ನ ಕೂಗು."

"ಎಣಿಸೋದ್ರಲ್ಲಿ ನಾನು ಎಕ್ಸ್‌ಪರ್ಟು!"

ಬಚ್ಚಲಲ್ಲಿ ನಲ್ಲಿ ಸದ್ದು ಶುರುವಾಯಿತು. ಸ್ಪ್ರಿಂಗ್ ನಿಂತಳು. ಒಂದು ನಿಮಿಷ ನಿಂತಳು. ಸ್ಪ್ರಿಂಗ್‌ಗೆ ಒಂದು ನಿಮಿಷ ಎಂದರೆ ನಮಗೆಲ್ಲ ಒಂದು ಗಂಟೆ. ಎಣಿಸಲು ಬೇಕಾದದ್ದು ಕಿವಿ ತಾನೇ, ಕಣ್ಣಲ್ಲವಲ್ಲ? ಅವಳು ಮೊಳೆಯಿಂದ ಹಗ್ಗ ತೆಗೆದು ಬಾಗಿಲಾಚೆಯ ಕಾರಿಡಾರಿಗೆ ಹೋದಳು. ಒಬ್ಬಳು ಹಾರಲು ಅಲ್ಲಿ ಜಾಗ ಸಾಕಿತ್ತು.

ಟಪ್ ಟಪ್ ಟಪ್. ಕೂಗು, ಒಂದು. ಟಪ್ ಟಪ್ ಟಪ್. ಎರಡು. ಮೂರು. ಅಬ್ಬಾ, ಇವತ್ತು ಕುಕ್ಕರಿಗೂ ಆತುರ! ನಾಲ್ಕು. ಐದು. ಸ್ಪ್ರಿಂಗ್ ಕುಣಿದಾಡಿದಳು. ಟಪ್ ಟಪ್. ಆರು!

"ಅಮ್ಮಾ! ಆಯ್ತು! ಆರು!"

"ಇಷ್ಟು ಬೇಗಾನಾ?" ಅಮ್ಮ ಸೋಪಿನ ಕೈಯಲ್ಲೇ ಓಡಿಬಂದು ಒಲೆ ಆರಿಸಿದಳು.

"ಆವಿ ಇಳಿಯೋ ತನಕ ಹೇಗೂ ಕಾಯಬೇಕಲ್ಲ, ಅಷ್ಟರಲ್ಲಿ ಹಾರಿಬಿಡೋಣ. ಬಾ ಬಾ ಬಾ!"

ಹೊರಗೆ ಇನ್ನೂ ಹಳದಿ ಬಿಸಿಲು ಇತ್ತು. ಹದಿನೈದು ಹಾರಿದರು. ಹತ್ತೊಂಬತ್ತು ಹಾರಿದರು. ಅಮ್ಮನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಸಾಕೇನೇ?" ಎಂದರೆ "ಇನ್ನೊಂದೇ ಒಂದು" ಎನ್ನುತ್ತಿದ್ದಳು ಸ್ಪ್ರಿಂಗ್. ಹೀಗೆ ಎಂಟು ಸಲ ಇನ್ನೊಂದೇ ಒಂದು ಆದ ಮೇಲೆ ಇಪ್ಪತ್ತಮೂರು ಬಂತು.

"ಹೊಟ್ಟೆ ಚುರುಚುರು," ಎಂದ ಬಾಲ ಮೆಟ್ಟಿಲಿನಿಂದ.

ಮೇಲೆ ಬಂದು ಅಮ್ಮ ಮುಚ್ಚಳ ತೆಗೆದಳು. ಸೌಟು ಹಾಕಿದರೆ ಒಳಗಿಂದ ಕಟಕಟ ಎಂದು ಗೋಲಿಯಂಥ ಸದ್ದು. ಬಾಲ ಒಂದು ಕಾಳು ಬಾಯಿಗೆ ಹಾಕಿಕೊಂಡು ಟಕ್ ಎನಿಸಿದ. ಮುಖ ಹುಳ್ಳಗೆ ಮಾಡಿ ಅದನ್ನು ಅಂಗೈಗೆ ಉಗಿದ.

"ಬೆಂದೇ ಇಲ್ಲ!" ಅಮ್ಮ ಸ್ಪ್ರಿಂಗ್‌ನತ್ತ ತಿರುಗಿದಳು. "ಸರಿಯಾಗಿ ಎಣಿಸಿದ್ಯಾ?"

"ಆಣೆಗೂ ಆರು! ನಾನೇ ಕಿವಿಯಾರೆ ಕೇಳಿದ್ದೀನಿ. ಕುಕ್ಕರ್ರೇ ಕೆಟ್ಟಿದೆ. ಇಲ್ಲಾಂದ್ರೆ ಕಾಳು ಕೆಟ್ಟಿದೆ. ಇಲ್ಲಾಂದ್ರೆ ಪುಸ್ತಕ..."

ಕೀಂಯ್ಯ್!

"ನಮ್ಮ ಕುಕ್ಕರ್ ಕೂಗ್ತು," ಎಂದ ಬಾಲ.

ಮೂವರೂ ಒಲೆಯ ಕಡೆ ನೋಡಿದರು. ಅವರ ಕುಕ್ಕರ್ ಬಾಯಿ ತೆರೆದುಕೊಂಡು ತಣ್ಣಗೆ ಕೂತಿತ್ತು. ಅದರ ವೆಯ್ಟ್ ಅಮ್ಮನ ಕೈಯಲ್ಲಿತ್ತು. ಆಮೇಲೆ ಮೂವರೂ ಕಿಟಕಿಯ ಕಡೆ ನೋಡಿದರು. ಮೇಲಿನ ಮನೆಯ ಕಿಟಕಿಯಿಂದ ಇನ್ನೊಮ್ಮೆ ಕೀಂಯ್ಯ್ ಎಂದಿತು.

ಸ್ಪ್ರಿಂಗ್ ಇಂಗು ತಿಂದ ಮಂಗನ ಹಾಗೆ ನಿಂತಳು. ಆರರಲ್ಲಿ ತಮ್ಮದು ಎಷ್ಟು, ಟೈಲರ್ ಆಂಟಿಯದು ಎಷ್ಟು? ದೇವರಿಗೇ ಗೊತ್ತು. ಬಹುಶಃ ತಮ್ಮದು ಎರಡಿತ್ತು.

ಅಮ್ಮ ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಂಟಿ ಮನೆ ಕೂಗಿಗೆ ನಮ್ಮನೆ ಕಾಳು ಬೇಯಿಸೋಕೆ ಹೊರಟಿದ್ಯಲ್ಲೇ!" ಎಂದಳು. ಆದರೆ ನಗುತ್ತಲೇ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಕೂತ ಮೇಲೆ ನಗು ನಿಂತಿತು. ಚಪ್ಪಲಿಯಿಂದ ಬಲಗಾಲು ತೆಗೆದು ಹಿಮ್ಮಡಿ ಒತ್ತಿಕೊಂಡಳು. "ಇನ್ನೊಂದ್ಸಲ ಇಡಬೇಕು. ಬಾಲನ್ನ ಮಲಗೋಕೆ ಬಿಡಬೇಡ."

ಬಾಲ ಆಗಲೇ ಮಲಗಿದ್ದ. ಖಾಲಿ ತಟ್ಟೆಯ ಅಂಚಿಗೆ ಕೆನ್ನೆ ಒತ್ತಿ, ಬಾಯಿ ಅರ್ಧ ತೆರೆದು. ಸ್ಪ್ರಿಂಗ್ ಅಲುಗಾಡಿಸಿದಳು. ಕಿವಿಯಲ್ಲಿ ಕೂಗಿದಳು. ಕಚಗುಳಿ ಇಟ್ಟಳು. ಊಹೂಂ.

ಅವಳು ತಟ್ಟೆಯನ್ನು ಅವನ ಕೆನ್ನೆಯ ಕೆಳಗಿಂದ ಮೆಲ್ಲಗೆ ಸರಿಸಿದಳು. ತಮ್ಮ ಹಸಿದುಕೊಂಡೇ ಮಲಗಿದ್ದ, ಅದೂ ತನ್ನಿಂದ.

ಅಮ್ಮ ಕುಕ್ಕರನ್ನು ಮತ್ತೆ ಒಲೆಗೆ ಏರಿಸಿ ಸ್ಟೂಲಿನ ಮೇಲೆ ಕೂತಳು. ಈ ಸಲ ಸ್ಪ್ರಿಂಗ್ ಎಲ್ಲೂ ಹೋಗಲಿಲ್ಲ. ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು, ಗಲ್ಲಕ್ಕೆ ಕೈಕೊಟ್ಟು, ವೆಯ್ಟನ್ನೇ ನೋಡಿದಳು. ನಡುಗಿತು. ಸುಸ್ಸ್ ಎಂದಿತು. ಕುಣಿಯಿತು. ಭೋಂಂಯ್ಯ್. ಒಂದು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೀಂಯ್ಯ್. ಅದು ಲೆಕ್ಕಕ್ಕಿಲ್ಲ. ಸರಿಯಾಗಿ ಕಿವಿಗೊಟ್ಟರೆ ಎರಡೂ ಎಷ್ಟು ಬೇರೆ ಬೇರೆ! ಆಂಟಿಯದು ಬೆಕ್ಕಿನ ಮರಿಯ ಬಾಲ ತುಳಿದಂತೆ. ತಮ್ಮದು ದಪ್ಪ ದನಿ, ಕೂಗುವ ಮೊದಲು ಒಮ್ಮೆ ಉಸಿರು ಎಳೆದುಕೊಳ್ಳುತ್ತದೆ.

ಎರಡನೇ ಕೂಗಿನ ಹೊತ್ತಿಗೆ ಅಮ್ಮನ ತಲೆ ಗೋಡೆಗೆ ಒರಗಿತ್ತು. ಕಣ್ಣು ಮುಚ್ಚಿತ್ತು. ಮೇಲಿನಿಂದ ಮತ್ತೆ ಕೀಂಯ್ಯ್ ಎಂದಾಗ ಸ್ಪ್ರಿಂಗ್ ಒಂದು ವಿಚಿತ್ರ ನೋಡಿದಳು. ಅಮ್ಮನಿಗೆ ಎಚ್ಚರವಾಗಲಿಲ್ಲ. ಆದರೆ ಅವಳ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ಪಾದದ ನರಗಳೆಲ್ಲ ಉಬ್ಬಿದವು. ಆಮೇಲೆ ಮೆಲ್ಲಗೆ ಸಡಿಲವಾಯಿತು.

ಬ್ರೇಕ್! ನಿದ್ದೆಯಲ್ಲೂ ಅಮ್ಮ ಬ್ರೇಕ್ ಒತ್ತುತ್ತಿದ್ದಳು.

ಬೆಳಿಗ್ಗೆ ಎಂಟರಿಂದ ಇದೇ ಕಾಲು. ಇದೇ ಕಾಲಲ್ಲಿ ಅಂಗಳದಲ್ಲಿ ಎಂಟು ಸಲ ಇನ್ನೊಂದೇ ಒಂದು. ಸ್ಪ್ರಿಂಗ್ ಕಾಲಿನಿಂದ ಕಣ್ಣು ತೆಗೆಯಲಿಲ್ಲ. ಆರನೇ ಕೂಗಿಗೆ, ತಮ್ಮದೇ ಆರನೇ ಕೂಗಿಗೆ, ಅಮ್ಮನ ಭುಜ ಮೆಲ್ಲಗೆ ಮುಟ್ಟಿದಳು.

* * *

ಗುರುವಾರ ಅಮ್ಮನೇ "ಎಲ್ಲೇ ಹಗ್ಗ?" ಎಂದಳು. "ಮೊದಲು ಕೂತ್ಕೋ," ಎಂದಳು ಸ್ಪ್ರಿಂಗ್. "ಆವಿ ಇಳಿಯೋ ತನಕ ಯಾರೂ ಏಳೋ ಹಾಗಿಲ್ಲ. ಪುಸ್ತಕದಲ್ಲಿದೆ."

"ಯಾವ ಪುಟದಲ್ಲಿ?"

"ನಾನು ಹಾರಿಸಿದ ಪುಟದಲ್ಲಿ!"

ಹತ್ತು ನಿಮಿಷ ಮೂವರೂ ಕಾಲು ಚಾಚಿ ಕೂತರು. ಬಸ್ಸಿಗೆ ಹತ್ತಿ ಗೊರಕೆ ಹೊಡೆದು, ಎರಡು ಸಲ ಕೊನೆಯ ಸ್ಟಾಪಿನ ತನಕ ಹೋಗಿಬಂದ ತಾತನ ಕತೆಯನ್ನು ಅಮ್ಮ ಹೇಳಿದಳು. ಬಾಲ ನಕ್ಕು ನಕ್ಕು ಬಿಕ್ಕಳಿಕೆ ತಂದುಕೊಂಡ. ಆಮೇಲೆ ಊಟ. ಆಮೇಲೆ ಅಂಗಳ, ಆರೇ ಆರು ಸಲ, ಅಷ್ಟೇ. ಇಪ್ಪತ್ತೇಳು ಬಂತು. ಶುಕ್ರವಾರವೂ ಹಾಗೇ, ಮೂವತ್ತೊಂದು.

ಶನಿವಾರ ಶಾಲೆಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಣ್ಣದ ಗೆರೆಯ ಮೇಲೆ ಹನ್ನೆರಡು ಜೋಡಿ. ಸ್ಪ್ರಿಂಗ್ ಪಕ್ಕದಲ್ಲೇ ಬನ್, ಬೇಕರಿ ಅಂಕಲ್ ಮಗಳು. ಅವಳಪ್ಪನ ತೋಳು ಒಂದೊಂದೂ ಹಿಟ್ಟಿನ ಮೂಟೆ.

ಪಿ.ಟಿ. ಮಿಸ್ ಪೀಪಿ ಊದಿದರು. ಹನ್ನೆರಡು ಹಗ್ಗ ಒಟ್ಟಿಗೆ ಎದ್ದವು. ಹನ್ನೆರಡು ಬಾಯಿ ಒಟ್ಟಿಗೆ ಎಣಿಸಿದವು. "ಒಂದು! ಎರಡು! ಮೂರು!" ಬನ್ ಗಂಟಲು ಎಲ್ಲರಿಗಿಂತ ಜೋರು, ಎಲ್ಲರಿಗಿಂತ ಫಾಸ್ಟು. ಸ್ಪ್ರಿಂಗ್ ಎಂಟು ಎನ್ನುವಷ್ಟರಲ್ಲಿ ಬನ್ ಹನ್ನೊಂದು ಎಂದಳು. ಸ್ಪ್ರಿಂಗ್‌ನ ಕಾಲು ತನ್ನಷ್ಟಕ್ಕೆ ತಾನೇ ಜೋರಾಯಿತು. ಹಗ್ಗ ಕಾಲಿಗೆ ಸಿಕ್ಕಿತು.

ಒಂಬತ್ತು.

"ಇರಲಿ ಬಿಡು," ಎಂದಳು ಅಮ್ಮ ಮುಂಗುರುಳು ಸರಿಸುತ್ತಾ. "ಇನ್ನೊಂದು ಚಾನ್ಸ್ ಇದೆಯಲ್ಲ."

ಸ್ಪ್ರಿಂಗ್‌ಗೆ ಅಳು ಬಾಯಿ ತನಕ ಬಂದಿತ್ತು. ಪಕ್ಕದಲ್ಲಿ ಬನ್ ಇನ್ನೂ ಎಣಿಸುತ್ತಲೇ ಇದ್ದಳು. ಮೂವತ್ತು, ಮೂವತ್ತೊಂದು... ಆಗ ಸ್ಪ್ರಿಂಗ್‌ಗೆ ಥಟ್ಟನೆ ಹೊಳೆಯಿತು. ಅಯ್ಯೋ, ಮತ್ತೆ ಆಂಟಿ ಮನೆ ಕೂಗು! ಮತ್ತೆ ಅದನ್ನೇ ಎಣಿಸಿದೆನಲ್ಲ!

ಎರಡನೇ ಸಲ ಪೀಪಿ ಊದಿದಾಗ ಅವಳು ಬಾಯಿ ಮುಚ್ಚಿಕೊಂಡಳು. ಕಿವಿ ಮಾತ್ರ ತೆರೆದಿಟ್ಟಳು. ಮೈದಾನದ ಅಷ್ಟೂ ಗದ್ದಲದ ನಡುವೆ ಹುಡುಕಿದಳು. ಸಿಕ್ಕಿತು. ಹಗ್ಗ ಬೀಸುವ ಮೊದಲು ಅಮ್ಮ ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು, ಹ್ಹೂಂ ಎಂದು. ಆಮೇಲೆ ಹಗ್ಗ ಸುಯ್ ಎನ್ನುತ್ತಿತ್ತು. ಆಮೇಲೆ ಅಮ್ಮನ ಶೂ ಟಪ್. ಹ್ಹೂಂ, ಸುಯ್, ಟಪ್. ಹ್ಹೂಂ, ಸುಯ್, ಟಪ್. ಸ್ಪ್ರಿಂಗ್ ಅದರ ಜೊತೆಗೇ ಎದ್ದಳು, ಅದರ ಜೊತೆಗೇ ಇಳಿದಳು. ಅಮ್ಮನ ಮುಖ ಎದುರಿಗೇ, ಇಷ್ಟು ಹತ್ತಿರ. ಅಮ್ಮ ನಗುತ್ತಿದ್ದಳು. ಅಮ್ಮನ ಎಡ ಹುಬ್ಬಿನ ಪಕ್ಕದಲ್ಲಿ ಒಂದು ಪುಟ್ಟ ಮಚ್ಚೆ ಇರುವುದು ಸ್ಪ್ರಿಂಗ್ ಕಣ್ಣಿಗೆ ಬಿದ್ದದ್ದು ಅವತ್ತೇ ಮೊದಲು.

ಕೊನೆಗೆ ಹಗ್ಗ ಯಾರ ಕಾಲಿಗೆ ಸಿಕ್ಕಿತೋ ತಿಳಿಯಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಬಾಲ ಜನರ ಕಾಲುಗಳ ಸಂದಿಯಿಂದ ನುಗ್ಗಿ ಬಂದ.

"ಎಷ್ಟಾಯ್ತು? ಎಷ್ಟಾಯ್ತು ಅಕ್ಕಾ?"

ಸ್ಪ್ರಿಂಗ್ ಅವನನ್ನು ಎತ್ತಿಕೊಂಡಳು. "ಗೊತ್ತಿಲ್ಲ ಕಣೋ," ಎಂದಳು ತನಗೇ ಆಶ್ಚರ್ಯವಾಗಿ. "ಎಣಿಸೋದೇ ಮರೆತುಹೋಯ್ತು!"

"ಮೂವತ್ತೆಂಟು!" ಎಂದರು ಪಿ.ಟಿ. ಮಿಸ್, ಚೀಟಿಯಲ್ಲಿ ಬರೆದುಕೊಳ್ಳುತ್ತಾ. ಬನ್ ಜೋಡಿಗೆ ನಲವತ್ತೊಂದು. ಎರಡನೇ ಬಹುಮಾನಕ್ಕೆ ಒಂದು ಹೊಸ ಹಗ್ಗ ಸಿಕ್ಕಿತು, ಹಳದಿ ಹಿಡಿಕೆಯದು.

* * *

ಸೋಮವಾರ ಬಂತು. ಅಮ್ಮ ಐದೂವರೆಗೆ ಬಂದಳು, ಮುಖ ತೊಳೆದಳು, ಕುಕ್ಕರ್ ಇಟ್ಟಳು. ಸ್ಪರ್ಧೆ ಮುಗಿದಿತ್ತು. ಆದರೆ ಕಿಟಕಿಯಲ್ಲಿ ಬಿಸಿಲು ಹಾಗೇ ಇತ್ತು, ಹೊಸ ಹಗ್ಗ ಮೊಳೆಯಲ್ಲಿ ಹಾಗೇ ಇತ್ತು, ಸ್ಪ್ರಿಂಗ್‌ನ ಕಾಲೂ ಹಾಗೇ ಇತ್ತು. ಬೇಗ ಅಡುಗೆ ಮುಗಿದರೆ ಒಂದು ಹತ್ತು ಸಲ ಹಾರಬಹುದು. ಅವಳು ಹಗ್ಗ ತೆಗೆದು ಕೈಗೆ ಸುತ್ತಿಕೊಂಡು ಅಡುಗೆಮನೆಗೆ ಬಂದಳು.

ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಬಾಲ ಅವಳ ಮಡಿಲಲ್ಲಿ ಗ್ಯಾಸ್ಕೆಟ್ಟಿನ ಬದಲು ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡಿದ್ದ. ಅಮ್ಮನ ಕಣ್ಣು ಎಳೆಯುತ್ತಿತ್ತು, ತಲೆ ಗೋಡೆಗೆ ಒರಗುತ್ತಿತ್ತು.

ಕೀಂಯ್ಯ್!

ಅಮ್ಮ ಬೆಚ್ಚಿಬಿದ್ದಳು. ಬಲಗಾಲು ನೆಲವನ್ನು ಒತ್ತಿತು. "ಎಷ್ಟನೇದು?" ಎನ್ನುತ್ತಾ ಏಳಲು ಹೊರಟಳು.

ಸ್ಪ್ರಿಂಗ್ ಹಗ್ಗವನ್ನು ಕೆಳಗಿಟ್ಟಳು. ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತು, ಆ ಪಾದವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಅದು ನಮ್ದಲ್ಲಮ್ಮ," ಎಂದಳು. "ನೀನು ಕೂತ್ಕೋ. ನಮ್ದು ಕೂಗಿದಾಗ ಹೇಳ್ತೀನಿ."